ಮುಂಗಡ ಭೇಷ್

ನವೆಂಬರ್ ೧೭, ಭಾನುವಾರ. ಬೆಳಗಿನಿಂದ ಹೊಗೆಮಂಜು. ಎದುರು ಬ್ಲಾಕಿನ ನೀರಿನ ಟ್ಯಾಂಕು ಮಧ್ಯಾಹ್ನದವರೆಗೂ ಕಾಣಿಸಲಿಲ್ಲ. ಸಂಜೆ ತುಸು ಗಾಳಿ ಬೀಸಿತು.

ದೆಹಲಿಯ ಪೀತಮ್‌ಪುರದ ನಮ್ಮ ಕನ್ನಡ ಸಂಘಕ್ಕೆ ನಾನು ಬಹುಕಾಲದ ಸದಸ್ಯ. ಪ್ರತಿ ರಾಜ್ಯೋತ್ಸವಕ್ಕೂ ಕುರ್ಚಿ ಹಾಕಿಸಿದ್ದೇನೆ, ಉಪ್ಪಿಟ್ಟು ಬಡಿಸಿದ್ದೇನೆ; ಹಾಡಲು ಮಾತ್ರ ಯಾರೂ ಕರೆದಿಲ್ಲ. ಕಾರ್ಯದರ್ಶಿ ತಿಪ್ಪೇಸ್ವಾಮಿಯವರದು ಪ್ರತಿವರ್ಷವೂ ಒಂದೇ ಆದೇಶ: "ಪಕ್ಕವಾದ್ಯ ಇಲ್ದೆ ಶಾಸ್ತ್ರೀಯ ಸಂಗೀತ ಹೇಗೆ ಸಾರ್? ಮೃದಂಗ ತನ್ನಿ, ಹತ್ತು ನಿಮಿಷ ನಿಮ್ಮದು." ಈ ಊರಿನಲ್ಲಿ ನನಗಾಗಿ ಮೃದಂಗ ಹೊತ್ತು ಬರುವವರು ಯಾರೂ ಇಲ್ಲವೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು.

ಈ ಸಲ ದಾರಿ ತೋರಿಸಿದವಳು ಮಗಳು ಮಾನ್ಯಾ. "ಅಪ್ಪಾ, ಆಜ್‌ಕಲ್ ಎಲ್ಲಾ ಆನ್‌ಲೈನ್ ಸಿಗತ್ತೆ. ನೀವು ಹಾಡಿ ಕಳಿಸಿ, ಅವರು ಮನೇಲೇ ಬಾರಿಸಿ ವಾಪಸ್ ಭೇಜ್ ದೇತೇ ಹೈಂ." ನೋಯ್ಡಾದ ಆದರ್ಶ್ ಎಂಬ ಯುವ ವಿದ್ವಾಂಸರಿಗೆ ಅದೇ ವೃತ್ತಿಯಂತೆ. ಅವರು ಬಾರಿಸಿದ್ದನ್ನು ಧ್ವನಿವರ್ಧಕದಲ್ಲಿ ಹಾಕಿಸಿ, ಅದರೊಡನೆ ನಾನು ವೇದಿಕೆಯ ಮೇಲೆ ಹಾಡುವುದೆಂದು ನಿಶ್ಚಯವಾಯಿತು.

ಮಲಗುವ ಕೋಣೆಯ ಕಿಟಕಿಗೆ ರಜಾಯಿಗಳನ್ನು ಇಳಿಬಿಟ್ಟೆ. ಸದ್ದು ಮಾಡುವ ಗಾಳಿ ಶುದ್ಧೀಕರಣದ ಯಂತ್ರವನ್ನು ಆರಿಸಿದೆ. (ಪತ್ನಿ ಜಲಜಾ ಕೆಮ್ಮುತ್ತಲೇ ಹೊರನಡೆದಳು, ಕಲೆ ತ್ಯಾಗವನ್ನು ಬೇಡುತ್ತದೆ.) ಒಂದು ದೇವರನಾಮ ಹಾಡಿದೆ. ನಡುವೆ ತನಿ ಆವರ್ತನಕ್ಕೆ, ಅಂದರೆ ಮೃದಂಗದವರೊಬ್ಬರೇ ಬಾರಿಸುವ ಭಾಗಕ್ಕೆ, ಐದು ನಿಮಿಷ ಜಾಗ ಬಿಟ್ಟು ತೊಡೆಯ ಮೇಲೆ ತಾಳ ಹಾಕುತ್ತ ಕುಳಿತೆ. ಗಾಯಕನಾದವನು ಆ ಹೊತ್ತಿನಲ್ಲಿ ವಿದ್ವಾಂಸರನ್ನು ಮೆಚ್ಚಿ ತಲೆದೂಗಬೇಕಾದದ್ದು ಸಭಾಮರ್ಯಾದೆ. ಆದ್ದರಿಂದ ಅಲ್ಲಲ್ಲಿ "ಭೇಷ್" ಎಂದೆ, ಒಂದೆಡೆ "ಆಹಾ" ಎಂದೆ.

ಬಾಗಿಲು ತುಸುವೇ ತೆರೆಯಿತು.

"ಯಾರಿಗ್ರೀ ಭೇಷ್ ಅಂತಿದ್ದೀರಿ?"

"ಮೃದಂಗದವರಿಗೆ."

"ಅವರಿನ್ನೂ ಬಾರಿಸೇ ಇಲ್ವಲ್ಲ."

"ಬಾರಿಸುತ್ತಾರೆ. ಆಗ ಹೇಳುವುದಕ್ಕೆ ನಾನು ಅಲ್ಲಿರುವುದಿಲ್ಲ."

"ನನ್ನ ಸಾರಿಗೆ ಉಂಡಾದ ಮೇಲೂ ಒಂದು ಮಾತು ಹೊರಡಲ್ಲ. ಯಾರೋ ನೋಯ್ಡಾದವರಿಗೆ ಮುಂಗಡ."

ಮೂರನೆಯ ದಿನ ಆದರ್ಶ್ ಫೋನ್ ಮಾಡಿದರು. ಬಹಳ ವಿನಯದ ದನಿ. ಅಂಥ ದನಿಯನ್ನು ನಾನು ಕಚೇರಿಯಲ್ಲಿ ಕಡತ ತಿರಸ್ಕರಿಸುವವರಲ್ಲಿ ಮಾತ್ರ ಕೇಳಿದ್ದೇನೆ.

"ಸರ್, ಮೃದಂಗವನ್ನ ಒಂದು ಶ್ರುತಿಗೆ ಕೂಡಿಸಿಟ್ಟುಕೊಂಡು ಬಾರಿಸಬೇಕು. ನೀವು ಪಲ್ಲವಿ ಒಂದು ಶ್ರುತಿಯಲ್ಲಿ ಶುರು ಮಾಡಿದ್ದೀರಿ, ಚರಣಕ್ಕೆ ಬರೋ ಹೊತ್ತಿಗೆ ಇನ್ನೊಂದಕ್ಕೆ ಹತ್ತಿದ್ದೀರಿ. ಎರಡು ಮೃದಂಗ ಬೇಕಾಗುತ್ತೆ. ಎರಡನೇದಕ್ಕೆ ಬೇರೆ ದರ."

"ಪಕ್ಕವಾದ್ಯದವರು ಗಾಯಕನನ್ನು ಅನುಸರಿಸಬೇಕಾದದ್ದು ಪದ್ಧತಿ," ಎಂದೆ.

"ಅನುಸರಿಸೋಕೆ ನೋಡಿದೆ ಸರ್. ನಡುವೆ ಕಬಾಡಿವಾಲಾ ಒಬ್ಬರು ಕೂಗಿಕೊಂಡು ಹೋಗಿದ್ದಾರಲ್ಲ, ಅವರು ಮಾತ್ರ ಕಡೇವರೆಗೂ ಶ್ರುತೀಲಿದ್ದಾರೆ."

ಗುಜರಿಯವನನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿ ಅಳೆದ ಆ ಧಾರ್ಷ್ಟ್ಯವನ್ನು ಕ್ಷಮಿಸಿದೆ. ಒಂದೇ ಮೃದಂಗ ಸಾಕು, ಇದ್ದ ಹಾಗೆಯೇ ಬಾರಿಸಿ ಎಂದೆ. ಅವರು ಒಪ್ಪಿದರು. ಫೋನ್ ಇಡುವ ಮುನ್ನ ಮಾತ್ರ ತುಸು ತಡೆದು, "ಸರ್, ತನೀಲಿ ನಿಮ್ಮ ಭೇಷ್ ಬಹಳ ಚೆನ್ನಾಗಿದೆ. ಅದಕ್ಕೆ ಸರಿಹೊಂದೋ ಹಾಗೇ ಬಾರಿಸ್ತೀನಿ," ಎಂದರು.

ಧ್ವನಿಮುದ್ರಣ ಬಂದಿತು. ಶುಕ್ರವಾರ ತಿಪ್ಪೇಸ್ವಾಮಿಯವರು ನಮ್ಮ ಮನೆಗೇ ಬಂದು ಕುಳಿತು ಕೇಳಿದರು. ಪಲ್ಲವಿಯುದ್ದಕ್ಕೂ ಜಲಜಾ ಕೊಟ್ಟ ಕಾಫಿಯನ್ನು ಆರಿಸಿದರು. ತನಿ ಆರಂಭವಾದೊಡನೆ ಲೋಟ ಕೆಳಗಿಟ್ಟರು. ಆದರ್ಶರು ಮುಕ್ತಾಯ ತಂದು ನಿಲ್ಲಿಸಿದ ಕಡೆಯಲ್ಲೆಲ್ಲ ನನ್ನ "ಭೇಷ್" ಮುತ್ತಿನಂತೆ ಬಂದು ಕೂರುತ್ತಿತ್ತು.

"ಅದ್ಭುತ," ಎಂದರು ತಿಪ್ಪೇಸ್ವಾಮಿ. "ಹತ್ತು ನಿಮಿಷ ಖಂಡಿತ ನಿಮ್ಮದೇ. ಇದನ್ನೇ ಎರಡು ಸಲ ಹಾಕೋಣ."

"ಹಾಡು?"

"ಹಾಡು ಯಾಕೆ ಸಾರ್ ಮಧ್ಯದಲ್ಲಿ?"

ಹದಿನೈದು ನಿಮಿಷ ವಾದಿಸಿದೆ. ಮೃದಂಗವನ್ನು ತಂದದ್ದೇ ಹಾಡಿಗಾಗಿ ಎಂದೆ. ಮದುವೆಗೆಂದು ತರಿಸಿದ ವಾಲಗವನ್ನಿಟ್ಟುಕೊಂಡು ವರನನ್ನು ಹೊರಕಳಿಸುವುದು ಯಾವ ನ್ಯಾಯ ಎಂದೂ ಕೇಳಿದೆ. ಜಲಜಾ ಅಡುಗೆಮನೆಯಿಂದಲೇ, "ವಾಲಗ ಚೆನ್ನಾಗಿದ್ರೆ ವರನ್ನ ಯಾರು ನೋಡ್ತಾರೆ, ಒಪ್ಕೊಳ್ಳಿ," ಎಂದಳು. ತಿಪ್ಪೇಸ್ವಾಮಿಯವರು ಎದ್ದುನಿಂತು, ಇಲ್ಲವಾದರೆ ಆ ಸಮಯವನ್ನು ಫರೀದಾಬಾದಿನ ಕೋಲಾಟದ ತಂಡಕ್ಕೆ ಕೊಡುವುದಾಗಿ ಸೂಚಿಸಿದರು. ಒಪ್ಪಿಕೊಂಡೆ.

ಇಂದು ಸಂಜೆ ರೇಷ್ಮೆ ಜುಬ್ಬ ಧರಿಸಿ ವೇದಿಕೆಯ ನಡುವೆ ಚಾಪೆಯ ಮೇಲೆ ಕುಳಿತೆ. ಮುಂದೆ ಮೈಕು. ಇಷ್ಟು ವರ್ಷಗಳ ಮೇಲೆ ಸಿಕ್ಕ ಮೈಕಲ್ಲವೇ, ತನಿ ಮುಗಿಯುತ್ತಿದ್ದಂತೆ ಪಲ್ಲವಿಯನ್ನು ಎತ್ತಿಯೇಬಿಡಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದೆ. ಸಭೆ ನಿಶ್ಶಬ್ದವಾಯಿತು. ತಿಪ್ಪೇಸ್ವಾಮಿಯವರು ಬಗ್ಗಿಕೊಂಡು ಬಂದು ಮೈಕಿನ ತಂತಿಯನ್ನು ಕಿತ್ತು ಸುರುಳಿ ಸುತ್ತಿಕೊಂಡು, ನನ್ನ ಕಿವಿಯಲ್ಲಿ ಹೇಳಿದರು:

"ತಾಳ ಮಾತ್ರ ಹಾಕಿ ಸಾರ್. ದಯವಿಟ್ಟು ಬಾಯಿ ತೆರೀಬೇಡಿ. ಭೇಷ್ ರೆಕಾರ್ಡಿನಲ್ಲೇ ಇದೆ, ಎರಡೆರಡು ಸಲ ಆಗುತ್ತೆ."

ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕುಳಿತು, ನನ್ನದೇ ದನಿ ಇನ್ನೊಬ್ಬರನ್ನು ಮೆಚ್ಚುವುದನ್ನು ಕೇಳಿದೆ. ಚಪ್ಪಾಳೆ ಬಹಳ ಹೊತ್ತಿನವರೆಗೂ ನಿಲ್ಲಲೇ ಇಲ್ಲ.

ಇಂದಿನವರೆಗಿನ ವೆಚ್ಚ: ಮೃದಂಗ, ಒಂದು, ೩,೫೦೦ ರೂಪಾಯಿ. ಜುಬ್ಬದ ಇಸ್ತ್ರಿ, ೨೦. ಮನೆಯವರೆಗೆ ಇ-ರಿಕ್ಷಾ, ಮೂವರಿಗೆ, ೩೦. ಗಂಟಲಿಗೆಂದು ಕೊಂಡ ಜ್ಯೇಷ್ಠಮಧು, ೪೫; ಬಳಸಲಿಲ್ಲ.