ಒಂದೇ ಸಮ ಕಾವು

ಬಾಯಿ ಮುಚ್ಚಿಕೊಂಡು ಹೋಳಿಗೆ ತಿಂದಿದ್ದರೆ ಅನಂತನಿಗೆ ಈ ಗತಿ ಬರುತ್ತಿರಲಿಲ್ಲ. ಅಕ್ಕಲಕೋಟೆಯಲ್ಲಿ ಹೆಂಡತಿಯ ತಂಗಿಯ ಮದುವೆಯ ಪಂಕ್ತಿಯಲ್ಲಿ ಕೂತು, "ಬೆಂಕಿ ಬ್ಯಾಡ, ಹೊಗಿ ಬ್ಯಾಡ, ಕರೆಂಟಿನ ಮ್ಯಾಲ ರೊಟ್ಟಿ ಸುಡೋ ಹಂಚು ಮಾಡೀನಿ" ಎಂದುಬಿಟ್ಟಿದ್ದ. ಮಾಡಿರಲಿಲ್ಲ. ಅದನ್ನು ಕಣ್ಣಾರೆ ಕಂಡು ಊರಿಗೆಲ್ಲ ಹೇಳಲು ಅತ್ತೆ ಕಸ್ತೂರಬಾಯಿ ಇಂದು ಮಧ್ಯಾಹ್ನದ ಗಾಡಿಗೆ ಸೋಲಾಪುರಕ್ಕೆ ಬರುವವರಿದ್ದರು.

ಅವಸರದಲ್ಲಿ ಜೋಡಿಸಿದ ಹಂಚಿನಿಂದ ಮುಂಜಾನೆ ಮೊದಲ ರೊಟ್ಟಿ ಎದ್ದಾಗ ಬಿಎಸ್ಸಿ ಓದಿದ ಅನಂತನ ಮುಖ ಬಿಳಿಚಿತು. ನಡು ಇದ್ದಲು, ಅಂಚು ಹಸಿ ಹಿಟ್ಟು.

ಪಕ್ಕದ ಖೋಲಿಯ ಮುಕ್ತಾಬಾಯಿ ಇಣುಕಿದಳು. "ಅಗಬಾಯಿ! ಅನಂತರಾವ್, ಒಂದ ರೊಟ್ಟ್ಯಾಗ ಅಮಾಸಿ, ಹುಣ್ಣಿವಿ ಎರಡೂ ತಂದೀರಲ್ರಿ!"

ತಪ್ಪು ಅವನಿಗೆ ಹೊಳೆಯಿತು. ಹಂಚಿನ ಹೊಟ್ಟೆ ಕೆಳಕ್ಕೆ ಬಾಗಿತ್ತು. ಅಡಿಯ ಮಣ್ಣಿನಲ್ಲಿ ಹುದುಗಿಸಿದ ತಂತಿ ಮಾತ್ರ ಚಪ್ಪಟೆ. ನಡು ತಂತಿಗೆ ಹತ್ತಿರ, ಅಂಚು ದೂರ. ಸಾಲದ್ದಕ್ಕೆ ಅಂಚಿನ ಕಾವನ್ನು ಗಾಳಿಯೂ ಕದಿಯುತ್ತದೆ. ಮಣ್ಣನ್ನು ಬೋಗುಣಿಯಂತೆ ತೋಡಿ ತಂತಿಯನ್ನು ಬಾಗಿಸಿದ. ಅಂಚಿಗೆಂದೇ ಇನ್ನೊಂದು ಸುರುಳಿ ಸೇರಿಸಿದ. ಪರೀಕ್ಷಿಸಲು ಹೊತ್ತಿರಲಿಲ್ಲ.

"ಕುಮುದಿನಿ, ನಾವು ಬರೂದ್ರಾಗ ರೊಟ್ಟಿ ಮಾಡಿಡು. ನನ್ನ ಮಾನ ನಿನ್ನ ಕೈಯಾಗದ" ಎಂದು ಹೆಂಡತಿಗೆ ಹೇಳಿ ಸ್ಟೇಶನ್ನಿಗೆ ಓಡಿದ.

ಟಾಂಗಾದಲ್ಲಿ ಅತ್ತೆಯನ್ನು ಕರೆತಂದಾಗ ಬುಟ್ಟಿ ತುಂಬಿತ್ತು. ರೊಟ್ಟಿಯೊಂದನ್ನು ಎತ್ತಿ ಹಿಡಿದ. ನಡುವಿನಿಂದ ಅಂಚಿನವರೆಗೆ ಒಂದೇ ಬಣ್ಣ!

"ನೋಡ್ರಿ ಅತ್ಯಾರ, ಕಾವು ತಾನಾಗೇ ಸಮ ಹರಡೂದಿಲ್ಲ. ಅದಕ್ಕ ಲೆಕ್ಕ ಬೇಕು. ಬಾಗಿದ ಕಬ್ಬಿಣಕ್ಕ ತಂತೀನೂ ಬಾಗಬೇಕು..."

ಕುಮುದಿನಿ ಮತ್ತೆ ಮತ್ತೆ ಕೆಮ್ಮಿದಳು. ಹೊಗೆಯಿಲ್ಲದ ಮನೆಯಲ್ಲಿ ಕೆಮ್ಮೇಕೆ ಎಂದು ಅವನು ಯೋಚಿಸಲಿಲ್ಲ. ಅಂಚಿನ ಸುರುಳಿಯ ಮಹಿಮೆಗೆ ಬಂದಿದ್ದ.

ಆಗ ಈ ಖೋಲಿಗಳನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದ ವಾಡೆಯ ಮಾಲಕ ಖಂಡಪ್ಪ ಬಾಗಿಲಲ್ಲಿ ನಿಂತ. "ಅನಂತರಾವ್, ಫ್ಯೂಜ್ ಯಾವಾಗ ಹಾಕ್ತೀರಿ? ನೀವು ಸ್ಟೇಶನ್ನಿಗಿ ಹೋದ ಕೂಡ್ಲೆ ನಿಮ್ಮ ಹಂಚು ಢಬ್ ಅಂತು. ಅವಾಗಿಂದ ಇಡೀ ವಾಡೇಕ ಕರೆಂಟಿಲ್ಲ."

ಅನಂತನ ಕಣ್ಣು ಹೆಂಡತಿಯ ಮೊಣಕೈಗೆ ಹತ್ತಿದ ಮಸಿಗೆ ಹೋಯಿತು. ಅಲ್ಲಿಂದ, ಬಾಗಿಲಾಚೆ ಇನ್ನೂ ಹೊಗೆಯಾಡುತ್ತಿದ್ದ ಮುಕ್ತಾಬಾಯಿಯ ಒಲೆಗೆ. ಕಿವಿಯ ತುದಿಯಿಂದ ಕುತ್ತಿಗೆಯವರೆಗೆ ಅವನಿಗೆ ಕಾವೇರಿತು. ಎಲ್ಲಿಯೂ ಹೆಚ್ಚುಕಡಿಮೆಯಿಲ್ಲ, ಒಂದೇ ಸಮ.

ಕಸ್ತೂರಬಾಯಿ ನಗಲಿಲ್ಲ. ಎದ್ದುಹೋಗಿ, ತಣ್ಣಗೆ ಬಿದ್ದಿದ್ದ ಹಂಚನ್ನು ತಂತಿ ಸಮೇತ ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ಅದ್ಯಾಕ್ರಿ ಅತ್ಯಾರ?" ಅವನ ದನಿ ನೆಲಕ್ಕಿಳಿದಿತ್ತು.

"ಅಕ್ಕಲಕೋಟಿಗಿ ಒಯ್ತೀನ್ರಿ ಅಳಿಯದೇವರ. ನಮ್ಮ ಮನ್ಯಾಗೂ ಕರೆಂಟಿಲ್ಲ. ಕರೆಂಟಿಲ್ಲದನ ಇಷ್ಟು ಸಮ ಸುಡೋ ಹಂಚು, ನಾಕು ಮಂದಿಗಿ ತೋರಿಸಬ್ಯಾಡೇನು?"