ಒಂದು ನಿಮಿಷ ತಡವಾದ ಗೋಲು

ನಿಯಮದಂತೆ ನಡೆಯುವವನ ಮನೆಯಲ್ಲೇ ಇಂಥ ಪೇಚಾಟ ಹೆಚ್ಚು. ಉಳಿದವರ ಮನೆಯಲ್ಲಿ ನಡೆದರೂ ಅದು ಪ್ರಸಂಗ ಎನಿಸಿಕೊಳ್ಳುವುದಿಲ್ಲ. ಲಾಕ್‌ಡೌನಿನ ಒಂದು ಭಾನುವಾರ ಸಂಜೆ, ಕಡಲಾಚೆಯ ಮೆಲಾಕಾದ ನಮ್ಮ ಮನೆಯಲ್ಲಿ, ಸ್ಪೇನಿನ ಲೀಗ್ ಫುಟ್‌ಬಾಲ್ ಪಂದ್ಯವೊಂದರ ಸುತ್ತ ಇಷ್ಟೆಲ್ಲ ಆಯಿತು.

ಪಂದ್ಯ ಲೀಗಿನ ಮೊದಲನೆಯ ತಂಡಕ್ಕೂ ಕಟ್ಟಕಡೆಯ ತಂಡಕ್ಕೂ. ಕಟ್ಟಕಡೆಯದು ಹದಿಮೂರು ವರ್ಷದ ನನ್ನ ಮಗಳ ಮೆಚ್ಚಿನದು. ಅದೇ ಹೊತ್ತು ನಾನು ಅವಳಿಗೆ ಕನ್ನಡ ಪಾಠ ಹೇಳುವ ಸಮಯ. ಕೊನೆಗೆ ಪಂತವಾಯಿತು. ಅವಳ ತಂಡ ಸೋತರೆ ಅವಳು ಉಡುಪಿಯ ಅಜ್ಜಿಗೆ ದಿನಾ ಫೋನಿನಲ್ಲಿ ಒಂದು ಪುಟ ಕನ್ನಡ ಓದಿ ಹೇಳಬೇಕು. ಸೋಲದಿದ್ದರೆ ಪಾಠ ಬಂದ್. ಮೊಮ್ಮಗಳ ಬಾಯಲ್ಲಿ ಕನ್ನಡ ಕೇಳಬೇಕೆಂದು ಅಮ್ಮನ ಆಸೆ. ಕೇಳಿಸಿಯೇ ತೀರುವೆನೆಂದು ನನ್ನ ಹಟ.

ಗಲಾಟೆ

ಮೈದಾನದಲ್ಲಿ ಒಬ್ಬ ಪ್ರೇಕ್ಷಕನಿಲ್ಲ, ಟಿವಿಯಲ್ಲಿ ಮಾತ್ರ ಸಾವಿರಾರು ಜನರ ಕೂಗು. ರೆಕಾರ್ಡ್ ಮಾಡಿದ್ದನ್ನು ಸೇರಿಸುತ್ತಾರಂತೆ.

"ಇದು ಮೋಸ," ಎಂದು ಸದ್ದು ಪೂರ್ತಿ ತೆಗೆದೆ.

ನಾನು ಮೆಡಿಕಲ್ ಕಾಲೇಜಿನ ಮೇಷ್ಟ್ರು. ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು: "ಆ ಸದ್ದು ಎಲ್ಲಿ ಸಿಗ್ತದೆ ವಿಚಾರಿಸಿ. ಆನ್‌ಲೈನ್ ಕ್ಲಾಸಲ್ಲಿ ನಿಮ್ಮ ಜೋಕು ಮುಗಿದ ಮೇಲೆ ಹಾಕಬಹುದು."

ಸಾಲು

ಅರ್ಧ ಆಟಕ್ಕೆ ಒಂದು-ಒಂದು. ಬೀದಿ ಕೊನೆಯ ಮಾಮಾಕ್ ಎಂಬ ತಮಿಳು ಮುಸ್ಲಿಮರ ತಿಂಡಿ ಅಂಗಡಿಯಿಂದ ರೊಟ್ಟಿ ತಪಾವ್, ಅಂದರೆ ಪಾರ್ಸೆಲ್, ತರಲು ಹೊರಟೆ. ಆಗ ಅಲ್ಲಿ ಕೂತು ತಿನ್ನುವಂತಿರಲಿಲ್ಲ, ಕಟ್ಟಿಸಿಕೊಂಡು ಹೊರಡಬೇಕು. ಆದರೆ ಅಂಗಡಿಯ ಟಿವಿಯಲ್ಲಿ ಅದೇ ಪಂದ್ಯ. ಪೊಟ್ಟಣ ಸಿಕ್ಕಿದರೆ ಟಿವಿ ಬಿಟ್ಟು ಹೋಗಬೇಕಲ್ಲ ಎಂದು ಸಾಲಿನ ಪ್ರತಿಯೊಬ್ಬನೂ ಹಿಂದಿನವನಿಗೆ "ಯೂ ಫಸ್ಟ್ ಲಾ" ಎನ್ನುತ್ತಿದ್ದ.

"ಸಾಲೆಂದರೆ ಸಾಲು. ನಡೀರಿ ಮುಂದೆ," ಎಂದು ಗದರಿದೆ. ಎಲ್ಲರೂ ನಡೆದರು. ನನ್ನ ಸರದಿ ಬಂತು. ಸರಿಯಾಗಿ ಆಗಲೇ ಒಂದು ಕಾರ್ನರ್ ಕಿಕ್. ಹಿಂದಿನವರಿಗೆ ಜಾಗ ಬಿಟ್ಟೆ. ಅವರ ಹಿಂದಿನವರಿಗೂ ಬಿಟ್ಟೆ.

ಕೊನೆಗೆ ಅಂಗಡಿಯವನು ಕೇಳಿದ: "ಡಾಕ್ಟರ್ ಸಾರ್, ನಿಮ್ಮ ರೊಟ್ಟಿ ಆಗಲೇ ಐದು ಜನ ತಗೊಂಡು ಹೋದರು. ಇನ್ನೊಮ್ಮೆ ಹಾಕಲಾ, ಇಲ್ಲ ಪಂದ್ಯ ಮುಗಿದ ಮೇಲೆಯಾ?"

ಗೋಡೆ

ಮನೆಗೆ ಬಂದಾಗ ಕೊನೆಯ ನಿಮಿಷಗಳು, ಇನ್ನೂ ಒಂದು-ಒಂದು. ನಮ್ಮ ಟಿವಿಗೆ ಆಟ ಬರುವುದು ಇಂಟರ್ನೆಟ್ಟಿನಲ್ಲಿ, ಒಂದು ನಿಮಿಷ ತಡವಾಗಿ. ಪಕ್ಕದ ಮನೆಯ ತಮಿಳು ಅಂಕಲ್‌ಗೆ ಡಿಶ್ ಇದೆ, ಆ ತಡವಿಲ್ಲ. ಅವರು ದೊಡ್ಡ ತಂಡದ ಭಕ್ತರು. ಇದ್ದಕ್ಕಿದ್ದಂತೆ ಗೋಡೆಯಾಚೆ ಅವರು ಕುಣಿದು ಕೂಗಿದರು. ಪಕ್ಕದ ಮನೆಯ ಮಾತಿಗೆ ಕಿವಿಗೊಡಬಾರದೆಂಬುದು ನನ್ನ ತತ್ವ. ಆದರೆ ಗೋಡೆಯೇ ಬಂದು ಹೇಳಿದರೆ ಏನು ಮಾಡುವುದು.

"ಪಂತ ಹೆಚ್ಚಿಸೋಣವಾ?" ಎಂದೆ, ಮುಖ ಗಂಭೀರ ಮಾಡಿಕೊಂಡು. "ನಿನ್ನ ತಂಡ ಸೋತರೆ ದಿನಕ್ಕೆ ಎರಡು ಪುಟ."

"ವೇಟ್ ಅಪ್ಪಾ, ನೀರು ಕುಡಿದು ಬರ್ತೇನೆ." ಅಡುಗೆಮನೆಗೆ ಹೋಗಿ ಬಂದಳು. "ಓಕೆ. ಸೋಲದಿದ್ದರೆ ಆ ಎರಡು ಪುಟ ಅಜ್ಜಿಗೆ ನೀವು ಓದಬೇಕು."

ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಅವಳ ಪಾಠವನ್ನು ಹಿಂದಿನ ದಿನ ನಾನು ಗುಟ್ಟಾಗಿ ಕಲಿತುಕೊಳ್ಳುತ್ತಿದ್ದೆ. ಆದರೂ ಒಪ್ಪಿದೆ.

ನಮ್ಮ ಟಿವಿಯಲ್ಲೂ ಚೆಂಡು ಬಲೆಗೆ ಬಿತ್ತು. ಪುಸ್ತಕ ತರಲು ಎದ್ದೆ.

"ಕೂತ್ಕೊಳ್ಳಿ ಅಪ್ಪಾ," ಎಂದಳು. ಲೈನ್ಸ್‌ಮನ್ನಿನ ಬಾವುಟ ಮೇಲಿತ್ತು. ಆಫ್‌ಸೈಡ್, ಗೋಲು ರದ್ದು. ಪಂದ್ಯ ಸಮ.

"ಅಂಕಲ್ ಆಮೇಲೆ ಅಯ್ಯೋ ಅಂದದ್ದು ಅಡುಗೆಮನೆ ಕಿಟಕಿಯಲ್ಲಿ ಕೇಳಿಸ್ತು," ಎಂದಳು. "ನೀವು ಅರ್ಧ ಕೇಳಿಯೇ ಪಂತ ಕಟ್ಟಿದ್ರಿ."

ಮರುದಿನ ಫೋನಿನಲ್ಲಿ ಓದಿದೆ. ಅಮ್ಮ ಅರ್ಧ ಪುಟ ತಡೆದುಕೊಂಡರು. "ಸಾಕು ಮಾರಾಯ. ಮಗುವಿಗೆ ಕೊಡು." ಮಗಳು ನಗುತ್ತಲೇ ಫೋನು ತೆಗೆದುಕೊಂಡಳು, ನಿಧಾನವಾಗಿ ಪುಟದ ಕೊನೆಯವರೆಗೂ ಓದಿದಳು. ಅಮ್ಮನಿಗೆ ಖುಷಿಯೋ ಖುಷಿ. ನನ್ನನ್ನು ಮತ್ತೆ ಕರೆದರು.

"ಅವಳಿಗೆ ಪಾಠ ಹೇಳುವ ಮೇಷ್ಟ್ರು ಯಾರೋ, ಒಳ್ಳೆಯವರೇ ಇರಬೇಕು. ನೀನೂ ಅವರ ಹತ್ತಿರವೇ ಸೇರಿಕೋ."