ಐದು ಮೀನಿಗೊಂದು ಸ್ನಾನದ ತೊಟ್ಟಿ

ಬೆಳಗಿನ ಹೊತ್ತು, ಯಾರದೋ ಮನೆಯೆದುರಿನ ಹುಲ್ಲಿನ ಮೇಲೆ, ಮಾಸಲು ಗುಲಾಬಿ ಬಣ್ಣದ ಸ್ನಾನದ ತೊಟ್ಟಿಯೊಂದರಲ್ಲಿ ನಾನು ಅಂಗಾತ ಮಲಗಿದ್ದಾಗ, ನನ್ನ ಹೆಂಡತಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ಮಿಸೆಸ್ ಪೆಟ್ರಾಕೋಸ್ ನಾಯಿ ಹಿಡಿದುಕೊಂಡು ಅದೇ ದಾರಿಯಲ್ಲಿ ಬಂದರು. ಮೈಮೇಲೆ ಬಟ್ಟೆಯಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಊರಲ್ಲಿ ಹಬ್ಬಿದ ಕಥೆಯಲ್ಲಿ ಬಟ್ಟೆಯ ಪ್ರಸ್ತಾಪವೇ ಇರಲಿಲ್ಲ.

ತೊಟ್ಟಿಯ ತಳಕ್ಕೆ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡಲು ಹೋಗಿದ್ದೆ. ಇಬ್ಬನಿಯ ಹುಲ್ಲು, ಸವೆದ ಚಪ್ಪಲಿ. ಕಾಲು ಜಾರಿ ಒಳಗೆ ಬಿದ್ದೆ. ಬಿದ್ದಕೂಡಲೇ ಬೆನ್ನು ಹಿಡಿದುಕೊಂಡಿತು. ಏಳಲಾಗದ ಮನುಷ್ಯ, ಮಲಗುವುದೇ ತನ್ನ ಉದ್ದೇಶವಾಗಿತ್ತು ಎಂಬಂತೆ ಮುಖ ಮಾಡಿಕೊಳ್ಳಬೇಕು. ಮಾಡಿಕೊಂಡೆ.

"ನೀರು ಬೆಚ್ಚಗಿದೆಯಾ, ಮರ್ವ್?" ಎಂದು ಕೇಳಿ ಅವರು ಮುಂದೆ ನಡೆದರು. ನಾಯಿ ಮಾತ್ರ ಒಂದು ಗಳಿಗೆ ನಿಂತು, ಹಿಂಗಾಲೆತ್ತಿ ತೊಟ್ಟಿಗೆ ತನ್ನ ಗೌರವ ಸಲ್ಲಿಸಿ ಹೋಯಿತು.

ಬೆಂಡಿಗೋ ಕಡೆಯ ನಮ್ಮ ಊರಿನಲ್ಲಿ ಒಂದೊಂದು ಬಡಾವಣೆಗೂ ವರ್ಷದಲ್ಲಿ ಒಂದು 'ದೊಡ್ಡ ಕಸ'ದ ವಾರವಿದೆ. ಮುರಿದ ಮಂಚ, ಕೆಟ್ಟ ಫ್ರಿಜ್ಜು, ಮನಸ್ಸು ಬದಲಾಯಿಸಿದವರ ವ್ಯಾಯಾಮದ ಸೈಕಲ್ಲು, ಎಲ್ಲವನ್ನೂ ಮನೆಯೆದುರಿನ ಹುಲ್ಲಂಚಿನಲ್ಲಿ ಇಟ್ಟರೆ ನಗರಸಭೆಯ ಲಾರಿ ಬಂದು ಒಯ್ಯುತ್ತದೆ. ಲಾರಿ ಬರುವುದರೊಳಗೆ ನಾವು ಒಯ್ಯುತ್ತೇವೆ. ಇದಕ್ಕೊಂದು ಅಲಿಖಿತ ಸಂವಿಧಾನವುಂಟು: ಹುಲ್ಲಿನ ಮೇಲಿರುವುದು ಸಕಲರ ಆಸ್ತಿ. ಬಾಗಿಲು ತಟ್ಟಿ ಕೇಳಬಾರದು. ಕೇಳಿದರೆ ಒಳಗಿನವರಿಗೂ ಮುಜುಗರ. ಕಾರನ್ನು ನಿಧಾನ ಮಾಡಿ, ಯಾವುದೋ ಮನೆಯ ನಂಬರು ಹುಡುಕುವವನಂತೆ ಅತ್ತಿತ್ತ ನೋಡಿ, ತಟ್ಟನೆ ಇಳಿದು ಎತ್ತಿಕೊಂಡು ಹೊರಡಬೇಕು. ನಮ್ಮ ಮನೆಯ ಅರ್ಧ ಸಾಮಾನು ಹೀಗೆ ಹುಲ್ಲಿನಿಂದ ಎದ್ದು ಬಂದದ್ದು.

ತೊಟ್ಟಿ ಬೇಕಾಗಿದ್ದದ್ದು ಮೀನುಗಳಿಗೆ. ಮೀನುಗಳು ನನ್ನವಲ್ಲ. ನನ್ನ ಹೆಂಡತಿ ಗ್ಲೆನಿಸ್ ಪಾಠ ಹೇಳುವ ಐದು ವರ್ಷದ ಪುಟಾಣಿಗಳವು. ಐದು ಗೋಲ್ಡ್‌ಫಿಶ್, ಮಕ್ಕಳೇ ಕೈಯೆತ್ತಿ ಮತ ಹಾಕಿ ಇಟ್ಟ ಹೆಸರುಗಳು: ಕ್ಯಾರೆಟ್, ಟ್ರ್ಯಾಕ್ಟರ್, ಬಿಸ್ಕತ್ತು, ಹಾರ್ಪರ್, ಮತ್ತೆ ಇನ್ನೊಂದು ಹಾರ್ಪರ್. (ತರಗತಿಯಲ್ಲಿ ಇಬ್ಬರು ಹಾರ್ಪರ್‌ಗಳಿದ್ದಾರೆ. ಇಬ್ಬರೂ ಸೋಲೊಪ್ಪುವ ಜಾತಿಯವರಲ್ಲ.) ಕ್ರಿಸ್‌ಮಸ್ ರಜೆಗೆ (ನಮ್ಮ ದಕ್ಷಿಣ ಗೋಳಾರ್ಧದಲ್ಲಿ ಅದೇ ಬೇಸಗೆ ರಜೆ) ಶಾಲೆ ಮುಚ್ಚುವ ದಿನ ಮಕ್ಕಳು ಸಾಲಾಗಿ ಬಂದು, ಗಾಜಿಗೆ ಮೂಗೊತ್ತಿ ಒಂದೊಂದು ಮೀನಿಗೂ ವಿದಾಯ ಹೇಳಿದರು. ಜನವರಿ ಕೊನೆಗೆ ನೀವು ಬರುವಾಗ ಇವೂ ಬರುತ್ತವೆ ಎಂದು ಗ್ಲೆನಿಸ್ ಮಾತು ಕೊಟ್ಟಳು.

ಇಲ್ಲಿ ಗ್ಲೆನಿಸ್‌ಳ ಬಗ್ಗೆ ಒಂದು ವಿಷಯ ಹೇಳಬೇಕು. ಅವಳು ಮಕ್ಕಳಿಗೆ ಸುಳ್ಳು ಹೇಳುವುದಿಲ್ಲ. ಹಿಂದೊಮ್ಮೆ ಬೇರೊಬ್ಬ ಟೀಚರು, ಸತ್ತ ಗಿನಿ ಇಲಿಯನ್ನು 'ಹಳ್ಳಿಯ ಫಾರ್ಮಿಗೆ ಕಳಿಸಿದೆವು' ಎಂದು ಮಕ್ಕಳನ್ನು ನಂಬಿಸಿದಾಗ, ಇವಳು ಆ ಟೀಚರ ಜೊತೆ ಒಂದು ಇಡೀ ಟರ್ಮ್ ಚಹಾ ಕುಡಿಯಲಿಲ್ಲ. ನಾನಾದರೋ ಬದುಕಿನಲ್ಲಿ ಹಲವು ಗಿನಿ ಇಲಿಗಳನ್ನು ಫಾರ್ಮಿಗೆ ಕಳಿಸಿದವನು. ಹೀಗಾಗಿ ಅವಳ ಮೇಲೆ ನನಗೆ ಭಯಮಿಶ್ರಿತ ಭಕ್ತಿ.

ಮೀನಿನ ಗಾಜಿನ ಪೆಟ್ಟಿಗೆ ಮನೆಗೆ ಬಂದದ್ದು ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ಅದನ್ನು ಹಸುಗೂಸಿನಂತೆ ಅವುಚಿಕೊಂಡಿದ್ದೆ. ಮನೆ ಮುಟ್ಟಿ, ಗೆದ್ದೆ ಎಂದುಕೊಂಡು ಇಳಿಯುವಾಗ ಕಾರಿನ ಬಾಗಿಲಿಗೆ ಮೆಲ್ಲನೆ ತಾಗಿತು. ಬಿರುಕಿನ ಸದ್ದು ಕೇಳಿ ಗ್ಲೆನಿಸ್ ನನ್ನನ್ನು ಬೈಯಲಿಲ್ಲ. ಬೈಯಲು ಬೇಕಾಗುವ ಸಮಯದಲ್ಲಿ ಅವಳು ಮಳೆನೀರಿನ ಟ್ಯಾಂಕಿನಿಂದ ಬಕೆಟ್ ಮೇಲೆ ಬಕೆಟ್ ಹೊತ್ತು, ನಮ್ಮ ಬಚ್ಚಲಿನ ತೊಟ್ಟಿ ತುಂಬಿಸಿ, ಐದೂ ಜೀವಗಳನ್ನು ಅದರೊಳಗೆ ಬಿಟ್ಟಾಗಿತ್ತು.

ನಮ್ಮ ಮನೆಯಲ್ಲಿರುವುದು ಒಂದೇ ಬಚ್ಚಲು. ಶವರ್ ಇರುವುದೂ ಅದೇ ತೊಟ್ಟಿಯ ಮೇಲೆ. ಅಂದಿನಿಂದ ದಂಪತಿಗಳಿಬ್ಬರೂ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ಮಗ್ಗಿನಲ್ಲಿ ಸ್ನಾನ ಮಾಡತೊಡಗಿದೆವು. ವರ್ಷವಿಡೀ ನಿಂತು ಪಾಠ ಮಾಡಿ ಸೊಂಟ ನೋಯಿಸಿಕೊಂಡ ಗ್ಲೆನಿಸ್‌ಗೆ ಸಂಜೆ ಬಿಸಿನೀರಿನ ತೊಟ್ಟಿಯಲ್ಲಿ ಮಲಗುವುದೇ ರಜೆಯ ಏಕಮಾತ್ರ ಸುಖ. ಅದನ್ನೂ ಟ್ರ್ಯಾಕ್ಟರ್ ಕಸಿದುಕೊಂಡಿತ್ತು.

"ಹಿತ್ತಲಲ್ಲಿ ಕೊಳ ಮಾಡ್ತೀನಿ" ಎಂದು ನಾನು ಘೋಷಿಸಿದೆ. ಅಂಗಡಿಯ ಸಿದ್ಧ ಕೊಳ, ಸಿದ್ಧ ಫಿಲ್ಟರು, ಇವೆಲ್ಲ ಕೈಲಾಗದವರಿಗೆ ಎಂದೂ ಸೇರಿಸಿದೆ. ಗ್ಲೆನಿಸ್ ನನ್ನ ಕೈಗಳನ್ನೊಮ್ಮೆ ನೋಡಿ ತಲೆಯಾಡಿಸಿದಳು.

ಹಾಗೆ ಆ ಗುಲಾಬಿ ತೊಟ್ಟಿ ನಮ್ಮ ಹಿತ್ತಲಿಗೆ ಬಂತು. ನಮ್ಮ ಕಡೆಯ ನೆಲ ಬೇಸಗೆಯಲ್ಲಿ ಸುಟ್ಟ ಇಟ್ಟಿಗೆಯಂತಿರುತ್ತದೆ. ನಾನು ಪಿಕಾಸಿ ಎತ್ತಿ ಬೀಸಿದೆ. ಅದು ಟಣ್ ಎಂದು ನನ್ನ ಕಡೆಗೇ ಹಿಂದಿರುಗಿತು. ಗ್ಲೆನಿಸ್ ಬಂದು ನೆಲಕ್ಕೆ ನೀರು ಸುರಿದು, ಮೇಲೆ ಗೋಣಿ ಹೊದಿಸಿ, ನಾಳೆ ಅಗೆ ಎಂದು ಹೇಳಿ ಹೋದಳು. ಮರುದಿನ ಮಣ್ಣು ಕೇಕಿನಂತೆ ಬಂತು. (ಈ ಉಪಾಯ ನನಗೂ ಹೊಳೆಯುವುದರಲ್ಲಿತ್ತು.)

ಫಿಲ್ಟರ್ ಮಾತ್ರ ಸಂಪೂರ್ಣ ನನ್ನ ಸೃಷ್ಟಿ. ಬಣ್ಣ ಖಾಲಿಯಾದ ಬಿಳಿ ಟಬ್ಬು. ಅದರ ತಳದಲ್ಲಿ ಜಲ್ಲಿಕಲ್ಲು, ಮೇಲೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ನಾರು, ಅದರ ಮೇಲೆ ಸ್ಪಂಜು. ಯಾವುದೋ ಹುಲ್ಲಂಚಿನಲ್ಲಿ ಸಿಕ್ಕ ಹಳೆ ಕಾರಂಜಿಯ ಪಂಪು ಕೊಳದ ನೀರನ್ನು ಟಬ್ಬಿಗೆ ಏರಿಸುತ್ತದೆ. ನೀರು ಸ್ಪಂಜು, ನಾರು, ಕಲ್ಲುಗಳನ್ನು ದಾಟಿ ಕೆಳಗಿನ ತೂತಿನಿಂದ ಮತ್ತೆ ಕೊಳಕ್ಕೆ ಬೀಳುತ್ತದೆ. ಕಲ್ಲುಗಳು ಪಂಪಿನೊಳಗೆ ಹೋಗದಂತೆ ಅವನ್ನು ಗ್ಲೆನಿಸ್‌ಳ ನೈಲಾನ್ ಕಾಲುಚೀಲದಲ್ಲಿ ತುಂಬಿದ್ದೆ. ಯಾವ ಕಾಲುಚೀಲ ಎಂಬುದು ಅವಳ ತಂಗಿಯ ಮಗಳ ಮದುವೆಯ ದಿನ ಗೊತ್ತಾಯಿತು. ಆ ವಿಷಯ ಇಲ್ಲಿ ಬೇಡ.

ನೀರು ಬಿದ್ದ ಮೊದಲ ಸದ್ದಿಗೆ ನಾನು ಮಕ್ಕಳಂತೆ ಚಪ್ಪಾಳೆ ತಟ್ಟಿದೆ. ಕಸದಿಂದ ಎದ್ದುಬಂದ ಗುಲಾಬಿ ತೊಟ್ಟಿಯಲ್ಲಿ ಐದು ಚಿನ್ನದ ಗೆರೆಗಳು ಓಡಾಡುವುದನ್ನು ನೋಡುತ್ತ ಇಬ್ಬರೂ ಹುಲ್ಲಿನ ಮೇಲೆ ಕೂತೆವು. ಗ್ಲೆನಿಸ್ ನನ್ನ ಬೆನ್ನು ತಟ್ಟಿದಳು. ಆಮೇಲೆ ಒಳಗೆ ಹೋಗಿ, ಬಚ್ಚಲಿನ ಬಾಗಿಲು ಹಾಕಿಕೊಂಡು, ಊಟದ ಹೊತ್ತು ಮೀರಿದರೂ ಹೊರಗೆ ಬರಲಿಲ್ಲ.

ನಾನು ಶುಚಿಪ್ರಿಯ. ಸ್ಪಂಜಿನಲ್ಲಿ ಕಂದು ಕೊಳೆ ಕಂಡ ಕೂಡಲೇ ಪೈಪು ಹಿಡಿದು ತೊಳೆದೆ. ಮರುದಿನ ಮತ್ತೆ ತೊಳೆದೆ. ಸ್ಪಂಜು ಹೂವಿನಂತೆ ಹೊಳೆಯಿತು. ನೀರು ಹಾಲಿನಂತೆ ಮಸುಕಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಅವಕ್ಕೆ ಹಸಿವೆಂದು ತಿಳಿದು ಇನ್ನಷ್ಟು ಊಟ ಹಾಕಿದೆ.

ಗ್ಲೆನಿಸ್ ಬಂದು ನೋಡಿದಳು. ಐದು ವರ್ಷದವರಿಗೆ ಹೇಳುವ ಅದೇ ನಿಧಾನದಲ್ಲಿ ನನಗೂ ಹೇಳಿದಳು: ಆ ಕೊಳೆಯೇ ಫಿಲ್ಟರು. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಮನೆ ಮಾಡಿಕೊಂಡು ಮೀನಿನ ಹೊಲಸನ್ನು ತಿಂದು ನೀರು ಶುದ್ಧ ಮಾಡುತ್ತವೆ. ನಲ್ಲಿಯ ಕ್ಲೋರಿನ್ ನೀರು ಬಿದ್ದರೆ ಸಾಯುತ್ತವೆ. ಮತ್ತೆ ಹುಟ್ಟಲು ವಾರಗಳು ಬೇಕು. ಒಡೆದ ಗಾಜಿನ ಪೆಟ್ಟಿಗೆಯ ಹಳೆ ಸ್ಪಂಜನ್ನು ಅವಳು ಒಂದು ಬಕೆಟ್ ಕೊಳದ ನೀರಿನಲ್ಲಿ ಜೋಪಾನ ಮಾಡಿಟ್ಟಿದ್ದಳು. ಅದನ್ನು ತಂದು ನನ್ನ ಟಬ್ಬಿಗೆ ಸೇರಿಸಿದಳು. ಕೆಲವು ದಿನಗಳಲ್ಲಿ ನೀರು ಕನ್ನಡಿಯಾಯಿತು.

"ಇನ್ನು ಮೇಲೆ ತೊಳೆಯೋದಾದ್ರೆ ಕೊಳದ ನೀರಲ್ಲೇ. ಅದೂ ಸುಮ್ನೆ ಒಂದ್ಸಲ ಅದ್ದಿ ಹಿಂಡು, ಸಾಕು. ಅರ್ಥ ಆಯ್ತಾ, ಮರ್ವ್?"

"ಆಯ್ತು, ಮಿಸ್" ಎಂದೆ.

ಅರ್ಥವಾಗಿತ್ತು. ಆ ಮೇಲಿನ ಅನಾಹುತ ಆದದ್ದೇ ಅವಳ ಮಾತನ್ನು ಅಕ್ಷರಶಃ ಪಾಲಿಸಿದ್ದರಿಂದ.

ಜನವರಿ ಕೊನೆ. ಶಾಲೆ ತೆರೆಯುವ ವಾರ. ಛಾವಣಿಯ ತಗಡು ಟಿಕ್ ಟಿಕ್ ಎನ್ನುವಷ್ಟು ಬಿಸಿಲು. ನಮ್ಮಲ್ಲಿ ಬೇಸಗೆಯಲ್ಲಿ ಒಂದು ಹನಿ ನೀರನ್ನೂ ಚರಂಡಿಗೆ ಬಿಡುವುದಿಲ್ಲ. ಕಾರು ತೊಳೆಯುವುದೂ ಹುಲ್ಲಿನ ಮೇಲೆ, ಹುಲ್ಲಿಗೂ ಗುಟುಕು ಸಿಗಲಿ ಎಂದು. ಫಿಲ್ಟರಿನ ಕೊಳೆನೀರಂತೂ ಗೊಬ್ಬರಕ್ಕೆ ಸಮ. ಆದ್ದರಿಂದ ನಾನು ಟಬ್ಬು, ಪಂಪು, ಒಂದು ಬಕೆಟ್ ಕೊಳದ ನೀರು ಎಲ್ಲವನ್ನೂ ಮನೆಯೆದುರಿನ ಒಣಗಿದ ಹುಲ್ಲಂಚಿಗೆ ತಂದು, ಸ್ಪಂಜನ್ನು ಒಂದೇ ಒಂದು ಸಲ ಅದ್ದಿ ಹಿಂಡಿ, ಟಬ್ಬಿಗೆ ಮರಳಿ ಹಾಕಿದೆ. ಅಷ್ಟರಲ್ಲಿ ಒಳಗಿನ ಟಿವಿಯಲ್ಲಿ ಜನ ಹೋ ಎಂದರು. ಟೆಸ್ಟ್ ಪಂದ್ಯ ನಡೆಯುತ್ತಿತ್ತು. ಒಂದೇ ಓವರ್ ನೋಡಿ ಬರೋಣ ಎಂದು ಒಳಹೋಗಿ ನನ್ನ ಕುರ್ಚಿಯಲ್ಲಿ ಕೂತೆ. (ಹಿಂದಕ್ಕೆ ಒರಗುವ, ಕಾಲಿಗೆ ಹಲಗೆ ಎದ್ದುಬರುವ ಕುರ್ಚಿ. ಅದರಲ್ಲಿ ಕೂತು ಯಾರೂ ಒಂದೇ ಓವರ್ ನೋಡಿದ್ದಿಲ್ಲ.)

ಹೊರಗೆ ಬಂದರೆ ಬಕೆಟ್ ಕೂಡ ಇರಲಿಲ್ಲ.

ಆ ವಾರ ನಮ್ಮ ಬಡಾವಣೆಯ ದೊಡ್ಡ ಕಸದ ವಾರ. ಎಡಕ್ಕೆ ನೋಡಿದರೆ ಪಕ್ಕದ ಮನೆಯ ಸೋಫಾ, ಬಲಕ್ಕೆ ನೋಡಿದರೆ ಆಚೆ ಮನೆಯ ಹಾಸಿಗೆ. ನಡುವೆ ನನ್ನ ಟಬ್ಬು ಇದ್ದ ಜಾಗದಲ್ಲಿ ಒಂದು ಒದ್ದೆ ವೃತ್ತ. ಯಾರನ್ನು ದೂರುವುದು? ಒಯ್ದವನು ಸಂವಿಧಾನದ ಪ್ರಕಾರವೇ ಒಯ್ದಿದ್ದ. ನನ್ನ ಇಡೀ ಮನೆಯೇ ಅವನ ಪರ ಸಾಕ್ಷಿ ಹೇಳುತ್ತಿತ್ತು.

ಗ್ಲೆನಿಸ್‌ಗೆ ಹೇಳಿದೆ. ಅವಳು ಹಿತ್ತಲಿಗೆ ಹೋಗಿ ನೋಡಿದಳು. ನೀರಿನ ಓಡಾಟ ನಿಂತು, ಕೊಳ ಕಾದು, ಐದೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಬಿಸ್ಕತ್ತು ಆಗಲೇ ಸ್ವಲ್ಪ ವಾಲಿಕೊಂಡು ಈಜುತ್ತಿತ್ತು.

"ಅಂಗಡೀಲಿ ಹೊಸ ಫಿಲ್ಟರ್ ತರ್ತೀನಿ" ಎಂದೆ.

"ಕೊಳೆಯನ್ನ ಯಾವ ಅಂಗಡೀಲಿ ಮಾರ್ತಾರೆ?"

ದನಿ ತಗ್ಗಿಸಿ ಹೇಳಿದೆ: "ಅಕಸ್ಮಾತ್ ಏನಾದ್ರೂ ಆದ್ರೆ... ಇದೇ ಬಣ್ಣದ್ದು, ಇದೇ ಸೈಜಿಂದು ಐದು ಸಿಗುತ್ತೆ, ಗ್ಲೆನಿಸ್. ಮಕ್ಕಳಿಗೇನು ಗೊತ್ತಾಗುತ್ತೆ?"

"ನನಗೆ ಗೊತ್ತಿರುತ್ತಲ್ಲ" ಎಂದಳು. ಕೋಪವಿಲ್ಲದೆ ಹೇಳಿದ್ದರಿಂದ ನನಗೆ ಇನ್ನೂ ಕಷ್ಟವಾಯಿತು.

ನಾನು ಕಾರು ಹತ್ತಿ ಹೊರಟೆ. ಬಡಾವಣೆಯ ಒಂದೊಂದು ಬೀದಿಯನ್ನೂ ಸುತ್ತಿದೆ. ಜೀವನದಲ್ಲಿ ಮೊದಲ ಬಾರಿಗೆ ಬೇರೆಯವರ ಕಸದಲ್ಲಿ ನನ್ನ ಸ್ವಂತ ವಸ್ತು ಹುಡುಕುತ್ತಿದ್ದೆ. ಒಂದು ಒಳ್ಳೆಯ ಸ್ಟ್ಯಾಂಡ್ ಲ್ಯಾಂಪು ಕಂಡಿತು; ಎತ್ತಿಕೊಳ್ಳಲಿಲ್ಲ ಎಂದರೆ ನನ್ನ ಮನಸ್ಥಿತಿ ನಿಮಗೆ ತಿಳಿಯಬಹುದು. ಟ್ರೇಲರ್ ಕಟ್ಟಿಕೊಂಡ ಕಾರು ಕಂಡಲ್ಲೆಲ್ಲ ಹಿಂದೆ ಹೋಗಿ ಇಣುಕಿದೆ. ಒಬ್ಬಾತ ನನ್ನನ್ನು ಪ್ರತಿಸ್ಪರ್ಧಿಯೆಂದು ತಿಳಿದು, ಮುಂದಿನ ಬೀದಿ ಖಾಲಿಯಾಗಿದೆ ಮಾರಾಯ ಎಂದು ಸುಳ್ಳು ಹೇಳಿದ. ಬಿಸ್ಕತ್ತು ವಾಲಿದ್ದು ಕಣ್ಣ ಮುಂದೆಯೇ ಇತ್ತು. ಮಕ್ಕಳು ಸಾಲಾಗಿ ಬರುವುದೂ, ಗ್ಲೆನಿಸ್ ಅವರೆದುರು ಮಂಡಿಯೂರಿ ಕೂತು ನಿಜ ಹೇಳುವುದೂ ಕಾಣುತ್ತಿತ್ತು.

ಮಧ್ಯಾಹ್ನ ಮೊಬೈಲು ಬಡಿದುಕೊಂಡಿತು. "ಬೇಗ ಬಾ" ಎಂದಳು ಗ್ಲೆನಿಸ್, ಫೋನ್ ಇಟ್ಟಳು.

ಹಾಗಾದರೆ ಬಿಸ್ಕತ್ತು ಹೋಯಿತು ಎಂದುಕೊಂಡೆ. ದಾರಿಯಲ್ಲಿ ಸಾಂತ್ವನದ ಮಾತುಗಳನ್ನು ಜೋಡಿಸಿಕೊಂಡೆ. ಒಂದೂ ಗ್ಲೆನಿಸ್‌ಳ ಯೋಗ್ಯತೆಗೆ ತಕ್ಕದ್ದಾಗಿರಲಿಲ್ಲ.

ಹಿತ್ತಲಿಗೆ ಓಡಿದರೆ ನೀರು ಬೀಳುವ ಸದ್ದು. ನನ್ನ ಬಿಳಿ ಟಬ್ಬು ತನ್ನ ಜಾಗದಲ್ಲಿ ಕೂತು, ಏನೂ ಆಗಿಲ್ಲವೆಂಬಂತೆ ಕೊಳಕ್ಕೆ ನೀರು ಸುರಿಸುತ್ತಿತ್ತು. ಕೊಳದ ಮೇಲೆ ಬಟ್ಟೆ ಒಣಗಿಸುವ ತಂತಿಗೆ ನಮ್ಮ ಮಂಚದ ಬಿಳಿ ಹೊದಿಕೆ ನೆರಳಾಗಿ ಹರಡಿತ್ತು. ಅದರ ಪಕ್ಕ ತಳಕ್ಕೆ ತೂತು ಕೊರೆದ ಇನ್ನೊಂದು ಬಕೆಟ್ ತೂಗುತ್ತಿತ್ತು; ಪಂಪು ಇಲ್ಲದಷ್ಟು ಹೊತ್ತು ಅವಳು ಅದಕ್ಕೆ ನೀರು ಮೊಗೆದು ಹಾಕಿ, ಧಾರೆಯಾಗಿ ಬೀಳಿಸಿ, ನೀರಿಗೆ ಗಾಳಿ ಕೂಡಿಸಿದ್ದಳು. ಬಿಸ್ಕತ್ತು ನೆಟ್ಟಗೆ ಈಜುತ್ತಿತ್ತು. ಎಣಿಸಿದೆ. ಇಬ್ಬರು ಹಾರ್ಪರ್‌ಗಳೂ ಇದ್ದರು.

ಹೇಗೆ ಎಂದು ಕೈಸನ್ನೆಯಲ್ಲೇ ಕೇಳಿದೆ.

ಅವಳು ಹೇಳಿದ್ದು ಇಷ್ಟು. ಕೊಳೆ ತುಂಬಿದ ಟಬ್ಬನ್ನೇ ಬಿಡದವನು ಅದೇ ಬೀದಿಗೆ ಇನ್ನೊಮ್ಮೆ ಬಾರದೆ ಇರುವುದಿಲ್ಲ. ಬಂದರೆ ನಿಲ್ಲಬೇಕು, ಅಷ್ಟೆ. ನಿಲ್ಲಿಸುವಂಥದ್ದು ಏನಿದೆ ಎಂದು ಮನೆಯೊಳಗೆ ಕಣ್ಣಾಡಿಸಿದಳು. ಆಮೇಲೆ ಅದನ್ನು ಒಬ್ಬಳೇ ಎಳೆದು ತಂದು ಹುಲ್ಲಿನ ಮೇಲಿಟ್ಟು, ಬೇರೆ ಯಾರೂ ಒಯ್ಯದಂತೆ ತಾನೇ ಅದರ ಮೇಲೆ ಕೂತು, ಕಾಲು ಚಾಚಿ, ಛತ್ರಿ ಹಿಡಿದು ಪತ್ರಿಕೆ ಓದಿದಳು. ನಡುನಡುವೆ ಎದ್ದು ಹೋಗಿ ಬಕೆಟ್ ತುಂಬಿಸಿ ಬಂದಳು. ಮೂರನೆಯ ಟ್ರೇಲರ್ ನಿಂತಿತು. ಅವಳು ನನಗೆ ಫೋನ್ ಮಾಡಿದ್ದು ಆಗಲೇ. ಕೆಲ್ ಎಂಬ ದಪ್ಪ ಮೀಸೆಯವನು ಇಳಿದು, ಇದು ಹೋಗೋದಾ ಅಕ್ಕಾ ಎಂದು ಕೇಳಿದ. ಹೋಗುತ್ತೆ, ಆದರೆ ನಿನ್ನ ಟ್ರೇಲರಿನಲ್ಲಿರುವ ಬಿಳಿ ಟಬ್ಬು ಬರಬೇಕು, ಸ್ಪಂಜು ಒಣಗಿರಬಾರದು ಎಂದಳು. ಅವನು ಸ್ಪಂಜನ್ನು ಮುಟ್ಟಿಯೇ ಇರಲಿಲ್ಲವಂತೆ, ವಾಸನೆಗೆ ಹೆದರಿದ್ದ. ಪಂಪು, ಬಕೆಟ್ ಸಮೇತ ತಾನೇ ಹೊತ್ತು ತಂದು ಜೋಡಿಸಿಕೊಟ್ಟು ಹೋದ.

ನಾನು ನಿಧಾನವಾಗಿ ಮನೆಯೊಳಗೆ ಹೋಗಿ ನೋಡಿದೆ. ಟಿವಿ ಇತ್ತು. ಪಂದ್ಯ ಇನ್ನೂ ನಡೆಯುತ್ತಿತ್ತು. ಅದರೆದುರು ನೆಲಹಾಸಿನ ಮೇಲೆ, ಹಲವು ವರ್ಷ ಬಿಸಿಲು ಕಾಣದ ಒಂದು ಚೌಕ ಮಾತ್ರ ಹೊಚ್ಚಹೊಸ ಬಣ್ಣದಲ್ಲಿ ಉಳಿದಿತ್ತು.

ಮರಳಿ ಬಂದು ಅವಳ ಪಕ್ಕ ನೆಲದ ಮೇಲೆ ಕೂತೆ. ಬೆನ್ನು ಆಗಲೇ ದೂರು ಹೇಳತೊಡಗಿತ್ತು. ಆದರೂ ಹೇಳುತ್ತೇನೆ, ಛತ್ರಿ ಹಿಡಿದು ರಸ್ತೆ ಬದಿಯಲ್ಲಿ ಕಾಲು ಚಾಚಿ ಕೂತ ಆ ಹೆಂಗಸನ್ನು ನೋಡಲು ಸಿಗಲಿಲ್ಲವಲ್ಲ ಎಂಬುದೇ ನನಗೆ ಕುರ್ಚಿಗಿಂತ ದೊಡ್ಡ ನಷ್ಟ ಅನ್ನಿಸಿತು. ಇಂಥವಳು ನನ್ನಂಥವನ ಜೊತೆ ಇಷ್ಟು ವರ್ಷ ಬಾಳಿ, ಮಗ್ಗಿನಲ್ಲೂ ಮಿಂದದ್ದೇ ಒಂದು ಸೋಜಿಗ.

"ಗ್ಲೆನಿಸ್, ಅವನು ಕುರ್ಚಿಗೂ ಒಪ್ಪದೇ ಇದ್ದಿದ್ರೆ ಏನು ಮಾಡ್ತಿದ್ದೆ?" ಎಂದು ಕೇಳಿದೆ.

ಅವಳು ಮೀನುಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಅದಕ್ಕೇ ಅಲ್ವಾ, ಹುಲ್ಲಿನ ಮೇಲಿಡೋಕೆ ನಿನ್ನನ್ನ ಬೇಗ ಬಾ ಅಂದಿದ್ದು."